ಡೆಸ್ಕ್‌ಟಾಪ್ ಆನ್ ಆಗ್ತಿಲ್ವಾ? ಅಂಗಡಿಗೆ ಒಯ್ಯೋ ಮುಂಚೆ ಮನೇಲೇ ಹೀಗೆ ಚೆಕ್ ಮಾಡಿ

ಕಂಪ್ಯೂಟರ್ ಆನ್ ಆಗ್ತಿಲ್ಲ ಅಂದ ತಕ್ಷಣ ತುಂಬಾ ಜನ ಮಾಡೋದು ಎರಡೇ, ಒಂದು ಪವರ್ ಬಟನ್ನನ್ನ ಮೇಲಿಂದ ಮೇಲೆ ಒತ್ತೋದು, ಇನ್ನೊಂದು ಇಡೀ ಕ್ಯಾಬಿನೆಟ್ ಎತ್ಕೊಂಡು ಅಂಗಡಿಗೆ ಹೋಗೋದು. ಅಲ್ಲಿ ಯಾರಾದ್ರೂ ‘ಮದರ್‌ಬೋರ್ಡ್ ಹೋಗಿದೆ’ (ಅಂದ್ರೆ ಎಲ್ಲಾ ಭಾಗಗಳೂ ಸೇರೋ ಮುಖ್ಯ ಬೋರ್ಡು) ಅಂದ್ಬಿಟ್ರೆ ಮುಗೀತು, ನಮಗೆ ಅದನ್ನ ಹೌದು ಅನ್ನೋಕೂ ಆಗಲ್ಲ ಇಲ್ಲ ಅನ್ನೋಕೂ ಆಗಲ್ಲ, ಸಾವಿರಗಟ್ಟಲೆ ದುಡ್ಡು ಕೊಟ್ಟು ಬರ್ತೀವಿ. ನಾನು ನೋಡಿರೋ ಪ್ರಕಾರ ಇಂಥ ಕೇಸುಗಳಲ್ಲಿ ನಿಜವಾಗ್ಲೂ ಬೋರ್ಡೇ ಸತ್ತಿರೋದು ಕಮ್ಮಿ, ಎಕ್ಸ್‌ಟೆನ್ಷನ್ ಬಾಕ್ಸು, ಯುಪಿಎಸ್, ಎಸ್‌ಎಂಪಿಎಸ್ (ಮನೆ ಕರೆಂಟನ್ನ ಕಂಪ್ಯೂಟರಿಗೆ ಬೇಕಾದಂಗೆ ಇಳಿಸಿ ಕೊಡೋ ಕ್ಯಾಬಿನೆಟ್ ಒಳಗಿನ ಡಬ್ಬಾ), ರ‍್ಯಾಮು, ಕಡೆಗೆ ಪವರ್ ಬಟನ್ನೇ ಕೆಟ್ಟಿರೋದು ಜಾಸ್ತಿ. ಇವೆಲ್ಲಾನೂ ಒಂದು ಸ್ಕ್ರೂಡ್ರೈವರು, 200-300 ರೂಪಾಯಿಯ ಒಂದು ಸಾದಾ ಮಲ್ಟಿಮೀಟರು (ವೋಲ್ಟೇಜ್ ಅಳೆಯೋ ಮೀಟರು) ಇದ್ರೆ ಮನೇಲೇ ಕಂಡುಹಿಡೀಬಹುದು.

ಇಲ್ಲಿ ನೆನಪಿಟ್ಕೋಬೇಕಾದ್ದು ಒಂದೇ. ಗೋಡೆ ಸಾಕೆಟ್ಟಿಂದ ಮಾನಿಟರ್ ಮೇಲೆ ಚಿತ್ರ ಬರೋವರೆಗೆ ಕರೆಂಟು ಹಂತ ಹಂತವಾಗಿ ಮುಂದಕ್ಕೆ ಬರುತ್ತೆ, ಅದು ಯಾವ ಹಂತದಲ್ಲಿ ನಿಂತಿದೆ ಅಂತ ಹುಡುಕೋದೇ ನಮ್ಮ ಕೆಲಸ. ನಲ್ಲೀಲಿ ನೀರು ಬರ್ತಿಲ್ಲ ಅಂದ್ರೆ ನಲ್ಲಿ ಬದಲಾಯಿಸೋಕೆ ಮುಂಚೆ ಟ್ಯಾಂಕ್ ನೋಡ್ತೀವಲ್ಲ, ಹಾಗೇನೇ. ಮತ್ತೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ಮೇಲೆ ಒಂದ್ಸಲ ಆನ್ ಮಾಡಿ ನೋಡಿ. ಒಟ್ಟಿಗೆ ಮೂರು ಕೆಲಸ ಮಾಡಿ ಸರಿಹೋದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ, ಮುಂದಿನ ತಿಂಗಳು ಅದೇ ತೊಂದರೆ ಬಂದ್ರೆ ಮತ್ತೆ ಮೊದಲಿಂದ ಶುರು.

ಮೊದಲು ಲಕ್ಷಣ ಸರಿಯಾಗಿ ನೋಡಿ

ಬಟನ್ ಒಂದೇ ಒಂದು ಸಲ ಒತ್ತಿ, ಸುಮ್ನೆ ನಿಂತು ನೋಡಿ, ಕೇಳಿ. ಫ್ಯಾನ್ ಸದ್ದು, ಲೈಟು, ಬೀಪ್ ಏನೂ ಇಲ್ಲ ಅಂದ್ರೆ ಅದು ಒಂದು ಕೇಸು. ಫ್ಯಾನ್ ಒಂದು ಕ್ಷಣ ಅಲ್ಲಾಡಿ ನಿಂತುಹೋದ್ರೆ ಅದು ಬೇರೆ ಕೇಸು. ಫ್ಯಾನ್ ಎಲ್ಲಾ ಚೆನ್ನಾಗಿ ತಿರುಗ್ತಿದೆ ಆದ್ರೆ ಮಾನಿಟರ್ ಕಪ್ಪಗೇ ಇದೆ ಅಂದ್ರೆ ಅದು ಪವರ್ ಸಮಸ್ಯೆ ಆಗಿರೋ ಸಾಧ್ಯತೆ ಕಮ್ಮಿ, ನಮ್ಮ ಕಡೆ ಇದನ್ನ ನೋ ಡಿಸ್ಪ್ಲೇ ಅಂತಾರೆ. ಇನ್ನು ಆನ್ ಆಗಿ ಸ್ವಲ್ಪ ಹೊತ್ತಿಗೆ ಆಫ್ ಆಗೋದು, ತಾನಾಗೇ ರೀಸ್ಟಾರ್ಟ್ ಆಗ್ತಾನೇ ಇರೋದು, ಅದು ನಾಲ್ಕನೇದು. ನಿಮ್ಮದು ಯಾವುದು ಅಂತ ಗೊತ್ತಾದ್ರೆ ಅರ್ಧ ಕೆಲಸ ಆದಂಗೆ, ಯಾಕಂದ್ರೆ ಒಂದಕ್ಕೆ ಮಾಡೋ ರಿಪೇರಿ ಇನ್ನೊಂದಕ್ಕೆ ಕೆಲಸಕ್ಕೆ ಬರಲ್ಲ.

ಕೈ ಹಾಕೋ ಮುಂಚೆ

ಎಸ್‌ಎಂಪಿಎಸ್ ಡಬ್ಬಾನ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ನಮ್ಮ ಮನೆ ಲೈನು 230 ವೋಲ್ಟ್ ಎಸಿ, ಅದು ಒಳಗಡೆ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗಿ ಕರೆಂಟ್ ಕೂಡಿಟ್ಕೊಳ್ಳೋ ದೊಡ್ಡ ಕೆಪಾಸಿಟರ್‌ನಲ್ಲಿ ಕೂತಿರುತ್ತೆ, ಕೆಲವು ಎಸ್‌ಎಂಪಿಎಸ್‌ನಲ್ಲಿ ಅಂತೂ ಅದರಾಚೆಗೂ ಹೋಗುತ್ತೆ, ಪ್ಲಗ್ ಕಿತ್ತ ಮೇಲೂ ಅದು ಕೂಡ್ಲೇ ಖಾಲಿ ಆಗುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಜೀವಕ್ಕೇ ಅಪಾಯ. ಎಸ್‌ಎಂಪಿಎಸ್ ಕೆಟ್ಟಿದ್ರೆ ಇಡಿಯಾಗಿ ಬದಲಾಯಿಸೋದು, ಅಷ್ಟೇ. ಕ್ಯಾಬಿನೆಟ್ಟಿನ ಬೇರೆ ಭಾಗಗಳಲ್ಲಿ ಇರೋದು ಹೆಚ್ಚೆಂದ್ರೆ 12 ವೋಲ್ಟು, ಅದರಿಂದ ನಿಮಗೆ ಶಾಕ್ ಹೊಡೆಯಲ್ಲ, ಆದ್ರೆ ಪ್ಲಗ್ ಹಾಕಿರೋವಾಗ ರ‍್ಯಾಮು ಕೇಬಲ್ಲು ಕಿತ್ರೆ ಬೋರ್ಡಿಗೆ ಪೆಟ್ಟಾಗುತ್ತೆ. ಹಾಗಾಗಿ ಪ್ಲಗ್ ಪೂರ್ತಿ ಕಿತ್ತು, ಆಮೇಲೆ ಪವರ್ ಬಟನ್ನನ್ನ 30 ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬಣ್ಣ ಹೊಡೆಯದ ಲೋಹವನ್ನ ಒಂದ್ಸಲ ಮುಟ್ಟಿ, ಆಮೇಲೆ ಒಳಗೆ ಕೈ ಹಾಕಿ. ಎಷ್ಟೋ ಸಲ ಈ 30 ಸೆಕೆಂಡ್ ಒತ್ತಿ ಹಿಡಿಯೋದರಲ್ಲೇ ಮಷೀನು ಸರಿಹೋಗುತ್ತೆ, ವೋಲ್ಟೇಜ್ ಏರುಪೇರಾದಾಗ ಎಸ್‌ಎಂಪಿಎಸ್‌ನ ರಕ್ಷಣಾ ಸರ್ಕ್ಯೂಟು ಲಾಕ್ ಆಗಿ ನಿಂತಿರುತ್ತೆ, ಪೂರ್ತಿ ಖಾಲಿಯಾದ ಮೇಲೇ ಅದು ಬಿಡುಗಡೆ ಆಗೋದು. ಆದ್ದರಿಂದ ಪ್ಲಗ್ ವಾಪಸ್ ಹಾಕಿ ಒಂದ್ಸಲ ಟ್ರೈ ಮಾಡಿ, ಆಮೇಲೇ ಮುಂದಕ್ಕೆ ಹೋಗಿ.

ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತಾ? ಹಾಗಾದ್ರೆ ನಿಮ್ಮ ಮನೇಲಿ ಅರ್ಥಿಂಗ್ ಇಲ್ಲ, ಅಥವಾ ಮೂರು ಪಿನ್ನಿನ ಪ್ಲಗ್ಗನ್ನ ಎರಡು ಪಿನ್ನಿನ ಅಡಾಪ್ಟರಿಗೆ ಹಾಕಿದ್ದೀರಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಸಣ್ಣದೊಂದು ಕರೆಂಟನ್ನ ಅರ್ಥ್ ವೈರಿಗೆ ಕಳಿಸ್ತಾವೆ, ಅರ್ಥ್ ಇಲ್ದೇ ಇದ್ರೆ ಅದು ಕ್ಯಾಬಿನೆಟ್ ಮೇಲೇ ಉಳಿಯುತ್ತೆ. ಇದನ್ನ ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸ್ಲೇಬೇಕು, ಮನೇಲಿ ಮಕ್ಕಳಿದ್ರೆ ಅಂತೂ ನಾಳೆ ಅನ್ನೋದು ಬೇಡ.

ಗೋಡೆಯಿಂದ ಶುರು ಮಾಡಿ

ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡೋದು ಎಲ್ಲರೂ ಮಾಡ್ತಾರೆ, ಆದ್ರೆ ಚಾರ್ಜರಿಗೆ ತುಂಬಾ ಕಮ್ಮಿ ಕರೆಂಟ್ ಸಾಕು, ಸಾಕೆಟ್ಟಿನ ಒಳಗೆ ವೈರ್ ಸಡಿಲ ಆಗಿದ್ರೂ ಚಾರ್ಜ್ ಆಗ್ತಿರುತ್ತೆ. ಇಸ್ತ್ರಿ ಪೆಟ್ಟಿಗೆ ಹಾಕಿ ನೋಡಿ, ಅದು ಸರಿಯಾಗಿ ಕಾದ್ರೆ ಸಾಕೆಟ್ ಗಟ್ಟಿ ಇದೆ ಅಂತ. ಇದು ಗೋಡೆ ಸಾಕೆಟ್ಟಿಗೆ ಮಾತ್ರ, ಎಕ್ಸ್‌ಟೆನ್ಷನ್ ಬಾಕ್ಸಿಗೆ ಇಸ್ತ್ರಿ ಪೆಟ್ಟಿಗೆ ಹಾಕ್ಬೇಡಿ.

ಆಮೇಲೆ ಎಕ್ಸ್‌ಟೆನ್ಷನ್ನು, ಸ್ಪೈಕ್ ಗಾರ್ಡು, ಯುಪಿಎಸ್ಸು ಎಲ್ಲಾನೂ ಬಿಟ್ಟು ಕಂಪ್ಯೂಟರ್ ಕೇಬಲ್ಲನ್ನ ನೇರವಾಗಿ ಗೋಡೆಗೆ ಹಾಕಿ. ಮನೆಗಳಲ್ಲಿ ಇರೋ 600 ವಿಎ ಯುಪಿಎಸ್‌ಗಳ ಒಳಗೆ 12 ವೋಲ್ಟ್ 7 ಆಂಪಿಯರ್ ಅವರ್ ಆಸುಪಾಸಿನ ಒಂದು ಚಿಕ್ಕ ಬ್ಯಾಟರಿ ಇರುತ್ತೆ, ಎರಡು ಮೂರು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತೆ, ಬ್ಯಾಟರಿ ಸತ್ತ ಮೇಲೆ ಕೆಲವು ಯುಪಿಎಸ್‌ಗಳು ಲೈನಲ್ಲಿ ಕರೆಂಟ್ ಇದ್ರೂ ಆನ್ ಆಗೋಕೆ ಒಪ್ಪಲ್ಲ. ಇನ್ನೊಂದು ವಿಷ್ಯ, 600 ವಿಎ ಅಂದ್ರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ, ಗ್ರಾಫಿಕ್ಸ್ ಕಾರ್ಡ್ ಇರೋ ಗೇಮಿಂಗ್ ಪಿಸಿ ಅದರ ಮೇಲೆ ಹಾಕಿದ್ರೆ ಲೋಡ್ ಬಂದ ತಕ್ಷಣ ಕೈಕೊಡುತ್ತೆ.

ಪವರ್ ಕೇಬಲ್ಲು ಕೂಡ ಒಳಗೇ ತುಂಡಾಗಿರುತ್ತೆ, ಹೊರಗಿಂದ ಗೊತ್ತಾಗಲ್ಲ. ಮಾನಿಟರಿನ ಕೇಬಲ್ಲೂ ಸಾಮಾನ್ಯವಾಗಿ ಅದೇ ತರದ್ದೇ, ಅದನ್ನ ಕಿತ್ತು ಇದಕ್ಕೆ ಹಾಕಿ ನೋಡಿ. ಎಸ್‌ಎಂಪಿಎಸ್ ಹಿಂಭಾಗದಲ್ಲಿ ಒಂದು ಸ್ವಿಚ್ ಇರುತ್ತೆ, ಗೆರೆ ಇರೋ ಕಡೆ ಒತ್ತಿದ್ರೆ ಆನ್, ಸೊನ್ನೆ ಇರೋ ಕಡೆ ಆಫ್, ಮನೆ ಗುಡಿಸುವಾಗ ಟೇಬಲ್ ಸರಿಸುವಾಗ ಅದು ಆಫ್ ಆಗಿರೋದು ಮಾಮೂಲಿ. ಹಳೇ ಎಸ್‌ಎಂಪಿಎಸ್‌ಗಳಲ್ಲಿ ಪಕ್ಕದಲ್ಲೇ ಕೆಂಪು ಬಣ್ಣದ ಇನ್ನೊಂದು ಚಿಕ್ಕ ಸ್ವಿಚ್ ಇರುತ್ತೆ, 115 ಅಥವಾ 230 ಅಂತ ಬರೆದಿರುತ್ತೆ, ಅದು ಯಾವಾಗ್ಲೂ 230ರಲ್ಲೇ ಇರಬೇಕು. 115ಕ್ಕೆ ಸರಿಸಿ ನಮ್ಮ ಲೈನಿಗೆ ಹಾಕಿದ್ರೆ ಡಬ್ ಅಂತ ಸದ್ದು ಬಂದು ಎಸ್‌ಎಂಪಿಎಸ್ ಸುಟ್ಟುಹೋಗುತ್ತೆ.

ಹಳ್ಳಿ ಕಡೆ ಇರೋರು ಗಮನಿಸಿ, ಪಂಪ್‌ಸೆಟ್‌ಗಳು ಓಡೋ ಹೊತ್ತಲ್ಲಿ ವೋಲ್ಟೇಜ್ ತುಂಬಾ ಕೆಳಗೆ ಬೀಳುತ್ತೆ. ಒಳ್ಳೇ ಎಸ್‌ಎಂಪಿಎಸ್‌ಗಳ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತೆ, ಅವು ತಡ್ಕೊಳ್ತಾವೆ, ಅಗ್ಗದವುಗಳಲ್ಲಿ 200ರಿಂದ 240 ಅಥವಾ ಬರೀ 230 ಅಂತಿರುತ್ತೆ. ಬೆಳಿಗ್ಗೆ ಆನ್ ಆಗೋ ಕಂಪ್ಯೂಟರು ಸಂಜೆ ಆಗ್ತಿಲ್ಲ ಅಂದ್ರೆ ಮೀಟರ್ ಇಟ್ಟು ಸಾಕೆಟ್ ವೋಲ್ಟೇಜ್ ನೋಡಿಸಿ. ಮೀಟರ್ ಅಭ್ಯಾಸ ಇಲ್ದೋರು ಮಾತ್ರ ಮೇನ್ ಲೈನಿಗೆ ಮೀಟರ್ ಹಾಕೋಕೆ ಹೋಗ್ಬೇಡಿ, ಗೊತ್ತಿರೋರ ಹತ್ರ ಮಾಡಿಸಿ.

ಪ್ಲಗ್ ಹಾಕಿದ ತಕ್ಷಣ ಮನೆ ಎಂಸಿಬಿ (ಮೀಟರ್ ಬೋರ್ಡಿನ ಸುರಕ್ಷತಾ ಸ್ವಿಚ್) ಬೀಳ್ತಿದೆ ಅಂದ್ರೆ ಮತ್ತೆ ಮತ್ತೆ ಎತ್ತಬೇಡಿ. ಮೊದಲು ಕೇಬಲ್ ಬದಲಾಯಿಸಿ ಒಂದ್ಸಲ ನೋಡಿ, ಆಗ್ಲೂ ಬಿದ್ರೆ ಎಸ್‌ಎಂಪಿಎಸ್ ಒಳಗೇ ಶಾರ್ಟ್ ಆಗಿರೋ ಸಾಧ್ಯತೆ ಹೆಚ್ಚು, ಅದನ್ನ ಬದಲಾಯಿಸಿ.

ಪೂರ್ತಿ ಸತ್ತಂಗಿದ್ರೆ

ಗೋಡೆವರೆಗೆ ಎಲ್ಲಾ ಸರಿ ಇದೆ, ಆದ್ರೂ ಬಟನ್ ಒತ್ತಿದ್ರೆ ಸದ್ದಿಲ್ಲ. ಈಗ ಪಕ್ಕದ ಬಾಗಿಲು ಬಿಚ್ಚಿ. ತುಂಬಾ ಮದರ್‌ಬೋರ್ಡುಗಳಲ್ಲಿ ಪ್ಲಗ್ ಹಾಕಿದ ಕೂಡ್ಲೇ ಒಂದು ಪುಟ್ಟ ಲೈಟ್ ಉರಿಯುತ್ತೆ. ಅದು ಉರೀತಿದ್ರೆ ಎಸ್‌ಎಂಪಿಎಸ್‌ನ ಸ್ಟ್ಯಾಂಡ್‌ಬೈ ಭಾಗ, ಅಂದ್ರೆ ಕಂಪ್ಯೂಟರ್ ಆಫ್ ಇದ್ದಾಗ್ಲೂ ಕರೆಂಟ್ ಕೊಡೋ ಭಾಗ, ಬದುಕಿದೆ ಅಂತ ಅರ್ಥ.

ಲೈಟ್ ಇದ್ದು ಬಟನ್ ಕೇಳ್ತಿಲ್ಲ ಅಂದ್ರೆ ಮೊದಲು ಅನುಮಾನ ಪಡಬೇಕಾದ್ದು ಬಟನ್ ಮೇಲೇ. ಕ್ಯಾಬಿನೆಟ್ ಮುಂಭಾಗದಿಂದ ಬರೋ ತೆಳು ವೈರುಗಳು ಬೋರ್ಡಿನ ಕೆಳಗಡೆ ಮೂಲೇಲಿ ಚಿಕ್ಕ ಪಿನ್ನುಗಳಿಗೆ ಸೇರಿರ್ತಾವೆ, ಅದರಲ್ಲಿ ಪವರ್ ಸ್ವಿಚ್ ಅಂತ ಬರೆದಿರೋ ಎರಡು ಪಿನ್ನಿನ ಕನೆಕ್ಟರ್ ಹುಡುಕಿ, ಕಿತ್ತು ಆ ಎರಡು ಪಿನ್ನುಗಳನ್ನ ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ ಬಿಡಿ. ಯಾವ ಪಿನ್ನು ಅಂತ ಬೋರ್ಡ್ ಮೇಲೇ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತೆ ಅಥವಾ ನಿಮ್ಮ ಬೋರ್ಡಿನ ಮಾಡೆಲ್ ಹಾಕಿ ಮ್ಯಾನುಯಲ್ ಡೌನ್‌ಲೋಡ್ ಮಾಡ್ಕೊಂಡು ನೋಡಿ, ಅಂದಾಜಲ್ಲಿ ಮುಟ್ಟಿಸ್ಬೇಡಿ. ಮುಟ್ಟಿಸಿದ ಕೂಡ್ಲೇ ಫ್ಯಾನ್ ತಿರುಗಿದ್ರೆ ಬಟನ್ ಹೋಗಿದೆ, ಇನ್ನೇನೂ ಆಗಿಲ್ಲ. ರೀಸೆಟ್ ಬಟನ್ನಿನ ಕನೆಕ್ಟರನ್ನ ತಂದು ಪವರ್ ಪಿನ್ನುಗಳಿಗೆ ಹಾಕಿ, ಇನ್ಮೇಲೆ ರೀಸೆಟ್ ಬಟನ್ನೇ ನಿಮ್ಮ ಪವರ್ ಬಟನ್ನು, ಒಂದು ಪೈಸೆ ಖರ್ಚಿಲ್ಲ.

ಲೈಟೂ ಇಲ್ಲ ಅಂದ್ರೆ ಮಲ್ಟಿಮೀಟರ್ ತಗೊಳಿ. ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಬೋರ್ಡಿಗೆ ಹೋಗಿರೋ ದಪ್ಪ 24 ಪಿನ್ ಕನೆಕ್ಟರನ್ನ ಕೀಳಬೇಡಿ, ಹಾಗೇ ಇರಲಿ, ಅದರ ಬೆನ್ನ ಕಡೆ ವೈರು ಒಳಗೆ ಹೋಗೋ ಸಂದಿ ಇರುತ್ತಲ್ಲ, ಅಲ್ಲಿ ಮೀಟರಿನ ಕಪ್ಪು ಕಡ್ಡೀನ ಯಾವುದಾದ್ರೂ ಕಪ್ಪು ವೈರಿನ ಪಕ್ಕ ತೂರಿಸಿ ಲೋಹಕ್ಕೆ ತಾಗಿಸಿ, ಕೆಂಪು ಕಡ್ಡೀನ ನೇರಳೆ ವೈರಿನ ಪಕ್ಕ ತೂರಿಸಿ. ಪ್ಲಗ್ ಹಾಕಿರಬೇಕು, ಕಂಪ್ಯೂಟರ್ ಆಫೇ ಇರಬೇಕು. ನೇರಳೆ ವೈರಲ್ಲಿ 5 ವೋಲ್ಟ್ ಯಾವಾಗ್ಲೂ ಇರಬೇಕು, 4.75ರಿಂದ 5.25ರ ಒಳಗೆ. ಇದೇ ಸ್ಟ್ಯಾಂಡ್‌ಬೈ, ಬಟನ್ ಒತ್ತಿದ್ದನ್ನ ಬೋರ್ಡು ತಿಳ್ಕೊಳ್ಳೋದೇ ಇದರ ಬಲದಿಂದ. ಸೊನ್ನೆ ಬಂದ್ರೆ ಪ್ಲಗ್ ತೆಗೆದು, 24 ಪಿನ್ನೂ ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಕೇಬಲ್ಲೂ ಕಿತ್ತು, ಎಸ್‌ಎಂಪಿಎಸ್ ಒಂದನ್ನೇ ಇಟ್ಟು ಪ್ಲಗ್ ಹಾಕಿ ಮತ್ತೆ ಅಳೀರಿ, ಆಗ್ಲೂ ಸೊನ್ನೆ ಅಂದ್ರೆ ಎಸ್‌ಎಂಪಿಎಸ್ ಹೋಗಿದೆ, ಕಿತ್ತ ಮೇಲೆ 5 ಬಂತು ಅಂದ್ರೆ ಬೋರ್ಡೋ ಅದಕ್ಕೆ ಸೇರಿರೋದು ಏನೋ ಅದನ್ನ ಎಳೆದು ಕೂರಿಸ್ತಿದೆ. ಇದನ್ನ ಮಾಡೋಕೆ ಐದು ನಿಮಿಷ ಸಾಕು, ‘ಬೋರ್ಡ್ ಹೋಗಿದೆ’ ಅನ್ನೋ ಮಾತು ನಿಜವೋ ಅಲ್ಲವೋ ಅನ್ನೋದು ಹೆಚ್ಚುಕಮ್ಮಿ ಇಲ್ಲೇ ತೀರ್ಮಾನ ಆಗುತ್ತೆ.

ನೇರಳೆ ಸರಿ ಇದ್ರೆ ಹಸಿರು ವೈರು ನೋಡಿ. ಆಫ್ ಇದ್ದಾಗ ಅದರಲ್ಲಿ 5ರ ಹತ್ರ ವೋಲ್ಟ್ ಇರುತ್ತೆ, ಬಟನ್ ಒತ್ತಿದ ಕೂಡ್ಲೇ ಬೋರ್ಡು ಅದನ್ನ ಸೊನ್ನೆ ಹತ್ರಕ್ಕೆ ಇಳಿಸ್ಬೇಕು. ಇಳೀತು ಆದ್ರೂ ಫ್ಯಾನ್ ತಿರುಗ್ಲಿಲ್ಲ ಅಂದ್ರೆ ಎಸ್‌ಎಂಪಿಎಸ್ ಮೇಲೆ ಅನುಮಾನ, ಪಿನ್ ಮುಟ್ಟಿಸಿದ್ರೂ ಇಳೀಲೇ ಇಲ್ಲ ಅಂದ್ರೆ ಬೋರ್ಡ್ ಮೇಲೆ ಅನುಮಾನ.

ಎಸ್‌ಎಂಪಿಎಸ್ಸನ್ನ ಒಂಟಿಯಾಗಿ ಪರೀಕ್ಷೆ ಮಾಡೋಕೆ ಪೇಪರ್ ಕ್ಲಿಪ್ ವಿಧಾನ ಇದೆ. ಪ್ಲಗ್ ಕಿತ್ತು, ಎಲ್ಲಾ ಕನೆಕ್ಟರುಗಳನ್ನೂ ಬಿಡಿಸಿ, 24 ಪಿನ್ ಕನೆಕ್ಟರಿನ ಹಸಿರು ವೈರಿನ ರಂಧ್ರಕ್ಕೂ ಪಕ್ಕದ ಕಪ್ಪು ವೈರಿನ ರಂಧ್ರಕ್ಕೂ ಕ್ಲಿಪ್ ಸಿಕ್ಕಿಸಿ, ಆಮೇಲೆ ಪ್ಲಗ್ ಹಾಕಿ ಹಿಂದಿನ ಸ್ವಿಚ್ ಆನ್ ಮಾಡಿ. ಈಗ ಹಳದಿ ವೈರಲ್ಲಿ 11.4ರಿಂದ 12.6, ಕೆಂಪಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ಬರಬೇಕು. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಎಷ್ಟೋ ಸಲ ಎಲ್ಲಾ ವೈರೂ ಕಪ್ಪೇ ಇರುತ್ತೆ, ಆಗ ಪಿನ್ ನಕ್ಷೆ ನೋಡಿ ಹಸಿರು ವೈರಿನ ಜಾಗ, ಅಂದ್ರೆ 16ನೇ ಪಿನ್, ಇದೇ ಅಂತ ಖಚಿತ ಮಾಡ್ಕೊಂಡೇ ಕೈ ಹಾಕಿ. ಕೆಲವು ಎಸ್‌ಎಂಪಿಎಸ್‌ಗಳ ಫ್ಯಾನು ಲೋಡ್ ಇಲ್ದೇ ಇದ್ದಾಗ ತಿರುಗೋದೇ ಇಲ್ಲ, ಅವು ಹಾಗೇ ಡಿಸೈನ್ ಆಗಿರೋದು, ಹಾಗಾಗಿ ಫ್ಯಾನ್ ನಂಬಬೇಡಿ, ಮೀಟರ್ ನಂಬಿ. ಮತ್ತೆ ಕ್ಲಿಪ್ಪಲ್ಲಿ ಪಾಸಾಯ್ತು ಅಂದ ಮಾತ್ರಕ್ಕೆ ಎಸ್‌ಎಂಪಿಎಸ್ ಗಟ್ಟಿ ಅಂತ ಅಲ್ಲ, ಲೋಡ್ ಬಿದ್ದಾಗ ಕುಸಿಯೋವೂ ಇರ್ತಾವೆ. ಡೆಲ್, ಎಚ್‌ಪಿ, ಲೆನೊವೊ ತರದ ಬ್ರಾಂಡೆಡ್ ಆಫೀಸ್ ಮಷೀನುಗಳಲ್ಲಿ ಎಷ್ಟೋ ಸಲ 24 ಪಿನ್ನೇ ಇರಲ್ಲ, ಅವರದ್ದೇ ಬೇರೆ ಕನೆಕ್ಟರು, ಅವಕ್ಕೆ ಈ ಕ್ಲಿಪ್ ವಿದ್ಯೆ ಮಾಡ್ಬೇಡಿ.

ಫ್ಯಾನ್ ಒಂದು ಸುತ್ತು ಅಲ್ಲಾಡಿ ನಿಂತ್ರೆ

ಇದು ಶಾರ್ಟ್ ಸರ್ಕ್ಯೂಟಿನ ಲಕ್ಷಣ. ಎಲ್ಲೋ ಒಂದು ಕಡೆ ಕರೆಂಟು ಅಡ್ಡದಾರೀಲಿ ಹರೀತಿದೆ, ಎಸ್‌ಎಂಪಿಎಸ್ ಅದನ್ನ ಗಮನಿಸಿ ತನ್ನನ್ನ ತಾನೇ ಮುಚ್ಕೊಳ್ತಿದೆ, ಅಂದ್ರೆ ಅದು ತನ್ನ ಕೆಲಸ ಸರಿಯಾಗೇ ಮಾಡ್ತಿದೆ. ಮೊದಲು ಎಲ್ಲಾ ಯುಎಸ್‌ಬಿ ಸಾಮಾನೂ ಕಿತ್ತು, ಮುಂಭಾಗದ ಯುಎಸ್‌ಬಿ ಪೋರ್ಟುಗಳ ಒಳಗೆ ಟಾರ್ಚ್ ಬಿಟ್ಟು ನೋಡಿ. ಪರಿಚಯದೋರ ಮನೆ ಕಂಪ್ಯೂಟರ್ ಒಂದರಲ್ಲಿ ಪೋರ್ಟಿನ ನಡುವಿನ ಪ್ಲಾಸ್ಟಿಕ್ ನಾಲಿಗೆ ಮುರಿದುಹೋಗಿ, ನಾಲ್ಕು ಚಿನ್ನದ ಬಣ್ಣದ ಪಿನ್ನುಗಳು ಬಾಗಿ, ಅದರಲ್ಲಿ ಒಂದು ಪೋರ್ಟಿನ ಲೋಹದ ಗೋಡೆಗೆ ಒರಗಿತ್ತು. ಪೆನ್‌ಡ್ರೈವ್ ಹಾಕಿಟ್ಟೇ ಕ್ಯಾಬಿನೆಟ್ ಸರಿಸಿದ್ದಕ್ಕೆ ಆಗಿದ್ದು. ಬೋರ್ಡಿಂದ ಆ ಮುಂಭಾಗದ ಯುಎಸ್‌ಬಿ ಕೇಬಲ್ ಕಿತ್ತ ಮೇಲೆ ಮಷೀನು ಆನ್ ಆಯ್ತು. ಅದಕ್ಕೂ ಮುಂಚೆ ಅವರಿಗೆ ಹೊಸ ಬೋರ್ಡಿನ ಎಸ್ಟಿಮೇಟ್ ಸಿಕ್ಕಿತ್ತು.

ಆಮೇಲೆ ಹಾರ್ಡ್ ಡಿಸ್ಕು, ಎಸ್‌ಎಸ್‌ಡಿ, ಡಿವಿಡಿ ಡ್ರೈವು, ಕ್ಯಾಬಿನೆಟ್ ಫ್ಯಾನು, ಗ್ರಾಫಿಕ್ಸ್ ಕಾರ್ಡು ಒಂದೊಂದಾಗಿ ಕೀಳ್ತಾ ಹೋಗಿ, ಪ್ರತೀ ಸಲ ಪ್ಲಗ್ ಕಿತ್ತೇ ಕೀಳ್ಬೇಕು. ಬೋರ್ಡು, ಪ್ರೊಸೆಸರು, ಅದರ ಫ್ಯಾನು, ಒಂದೇ ಒಂದು ರ‍್ಯಾಮು, ಎಸ್‌ಎಂಪಿಎಸ್, ಇಷ್ಟು ಮಾತ್ರ ಉಳಿದಾಗ್ಲೂ ಅದೇ ಕತೆ ಅಂದ್ರೆ ಬೋರ್ಡನ್ನ ಹೊರಗೆ ತೆಗೆದು ರಟ್ಟಿನ ಡಬ್ಬದ ಮೇಲೆ ಇಟ್ಟು ನೋಡಿ. ಹೊರಗೆ ಆನ್ ಆದ್ರೆ ಕ್ಯಾಬಿನೆಟ್ಟಿನ ಒಳಗೆ ಬೋರ್ಡಿನ ಬೆನ್ನಿಗೆ ಏನೋ ತಾಗ್ತಿತ್ತು ಅಂತ, ಬಿದ್ದುಹೋದ ಸ್ಕ್ರೂ ಅಥವಾ ಬೇಡದ ಜಾಗದಲ್ಲಿ ಇರೋ, ಬೋರ್ಡನ್ನ ಎತ್ತಿ ಹಿಡಿಯೋ ಹಿತ್ತಾಳೆ ಸ್ಟ್ಯಾಂಡ್. ನಮ್ಮ ಮಲೆನಾಡು ಕರಾವಳಿ ಕಡೆ ಹಲ್ಲಿ, ಇರುವೆ ಗೂಡು ಕೂಡ ನೋಡ್ಬೇಕು, ಬೆಚ್ಚಗಿನ ಜಾಗ ಅಂತ ಅವು ಒಳಗೆ ಸೇರ್ಕೊಳ್ತಾವೆ, ಇಲಿ ವೈರು ಕಡಿದಿರೋದೂ ಇರುತ್ತೆ. ಹಾಗೇ ಬೋರ್ಡ್ ಮೇಲಿನ ಸಿಲಿಂಡರಿನಂಥ ಕೆಪಾಸಿಟರುಗಳ ತಲೆ ಸಪಾಟಾಗಿದೆಯಾ ನೋಡಿ, ಉಬ್ಬಿದ್ರೆ ಅಥವಾ ಕಂದು ಅಂಟು ಸೋರಿದ್ರೆ ಅದು ಕೆಟ್ಟಿದೆ. 2000ದ ದಶಕದ ಮೊದಲ ವರ್ಷಗಳ ಬೋರ್ಡುಗಳಲ್ಲಿ ಈ ರೋಗ ಜಗತ್ತಿನಾದ್ಯಂತ ಇತ್ತು, ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡೋರು ಕೆಪಾಸಿಟರ್ ಬದಲಾಯಿಸಿ ಕೊಡ್ತಾರೆ.

ಫ್ಯಾನ್ ತಿರುಗುತ್ತೆ, ಡಿಸ್ಪ್ಲೇ ಇಲ್ಲ

ಮಾನಿಟರ್ ಕೇಬಲ್ ಎಲ್ಲಿಗೆ ಹಾಕಿದ್ದೀರಿ ಅಂತ ಮೊದಲು ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ರೆ ಕೇಬಲ್ ಕಾರ್ಡಿಗೇ ಹೋಗಬೇಕು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೇಲಿ ಎಫ್ ಅಂತಿದ್ರೆ, ಉದಾಹರಣೆಗೆ ಐ5 12400ಎಫ್, ಅಥವಾ ರೈಜನ್ 5 3600, 5600 ತರದ್ದಾದ್ರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇರೋದೇ ಇಲ್ಲ, ಬೋರ್ಡಿನ ಎಚ್‌ಡಿಎಂಐಗೆ ಹಾಕಿದ್ರೆ ಜನ್ಮದಲ್ಲಿ ಚಿತ್ರ ಬರಲ್ಲ. ಇಂಥ ಮಷೀನಲ್ಲಿ ಕಾರ್ಡ್ ಕಿತ್ತು ಟೆಸ್ಟ್ ಮಾಡೋಕೂ ಹೋಗ್ಬೇಡಿ, ಇನ್ನೊಂದು ಕಾರ್ಡ್ ಎರವಲು ತಂದು ಹಾಕಿ ನೋಡಬೇಕು.

ಪ್ರೊಸೆಸರ್ ಪಕ್ಕದಲ್ಲಿ ಬೋರ್ಡಿನ ಮೇಲ್ಮೂಲೇಲಿ 4 ಅಥವಾ 8 ಪಿನ್ನಿನ ಕೇಬಲ್ ಹಾಕೋ ಜಾಗ ಇದೆ, ಅದು ಸಡಿಲ ಆಗಿದ್ರೆ ಫ್ಯಾನೆಲ್ಲ ತಿರುಗುತ್ತೆ, ಪ್ರೊಸೆಸರಿಗೆ ಮಾತ್ರ ಕರೆಂಟ್ ಇರಲ್ಲ. ಕಿತ್ತು ಟಕ್ ಅನ್ನೋವರೆಗೆ ಒತ್ತಿ ಹಾಕಿ.

ಆಮೇಲೆ ರ‍್ಯಾಮು. ನನ್ನ ಅನುಭವದಲ್ಲಿ ನೋ ಡಿಸ್ಪ್ಲೇಗೆ ಅತಿ ಹೆಚ್ಚು ಕಾರಣ ಇದೇ, ಅದರಲ್ಲೂ ಮಳೆಗಾಲದಲ್ಲಿ. ಸ್ಲಾಟಿನ ತುದೀಲಿರೋ ಕ್ಲಿಪ್ ಬಿಡಿಸಿ ರ‍್ಯಾಮ್ ಹೊರಗೆ ತೆಗೀರಿ, ಕೆಳಗಿನ ಚಿನ್ನದ ಬಣ್ಣದ ಸಾಲನ್ನ ಬೆಳಕಿಗೆ ಹಿಡಿದು ನೋಡಿ, ಹೊಳಪು ಹೋಗಿ ಮಸುಕಾಗಿ ಕಾಣುತ್ತೆ, ಕೆಲವು ಸಲ ಬೆರಳಚ್ಚೂ ಕಾಣುತ್ತೆ. ಪೆನ್ಸಿಲ್ ಅಳಿಸೋ ಮೆತ್ತನೆ ರಬ್ಬರಿಂದ ಉದ್ದಕ್ಕೆ ಹಗುರವಾಗಿ ಉಜ್ಜಿ, ರಬ್ಬರಿನ ಪುಡಿ ಒಂದು ಚೂರೂ ಉಳೀದಂಗೆ ಒರೆಸಿ. ಐಸೊಪ್ರೊಪೈಲ್ ಆಲ್ಕೋಹಾಲ್ ಸಿಕ್ರೆ ಹತ್ತಿಯಲ್ಲಿ ಅದ್ದಿ ಒರೆಸಿದ್ರೆ ಇನ್ನೂ ಒಳ್ಳೇದು, ಆರೋಕೆ ಬಿಡಿ. ಸ್ಲಾಟಿನ ಒಳಗಿನ ಧೂಳನ್ನ ಒಣ ಬ್ರಷ್ಷಲ್ಲಿ ತೆಗೀರಿ, ಬಾಯಿಂದ ಊದಬೇಡಿ, ಎಂಜಲಿನ ತೇವ ಬೀಳುತ್ತೆ. ವಾಪಸ್ ಹಾಕುವಾಗ ಎರಡೂ ತುದಿ ಟಕ್ ಅನ್ನೋವರೆಗೆ ಸಮನಾಗಿ ಒತ್ತಿ. ಎರಡು ರ‍್ಯಾಮ್ ಇದ್ರೆ ಒಂದೊಂದನ್ನೇ ಹಾಕಿ ನೋಡಿ, ಸ್ಲಾಟೂ ಬದಲಾಯಿಸಿ ನೋಡಿ. ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಒಂದೇ ರ‍್ಯಾಮ್ ಇದ್ರೆ ಸಾಮಾನ್ಯವಾಗಿ ಪ್ರೊಸೆಸರಿಂದ ಎರಡನೇ ಸ್ಲಾಟು, ಎರಡಿದ್ರೆ ಎರಡು ಮತ್ತು ನಾಲ್ಕು.

ಡಿಡಿಆರ್5 ರ‍್ಯಾಮಿನ ಹೊಸ ಮಷೀನಾಗಿದ್ರೆ ತಾಳ್ಮೆ ಇರಲಿ. ಮೊದಲ ಸಲ ಅಥವಾ ರ‍್ಯಾಮ್ ಬದಲಾಯಿಸಿದ ಮೇಲೆ ಅದು ಮೆಮೊರಿ ಟ್ರೇನಿಂಗ್ ಅಂತ ಮಾಡ್ಕೊಳುತ್ತೆ, ಕೆಲವು ನಿಮಿಷ ಕಪ್ಪು ಸ್ಕ್ರೀನೇ ಇರುತ್ತೆ, ಆ ಹೊತ್ತಲ್ಲಿ ಆಫ್ ಮಾಡಿದ್ರೆ ಮತ್ತೆ ಮೊದಲಿಂದ.

ಅಸೂಸ್, ಎಂಎಸ್‌ಐ ತರದ ಈಚಿನ ತುಂಬಾ ಬೋರ್ಡುಗಳ ಅಂಚಲ್ಲಿ ನಾಲ್ಕು ಪುಟ್ಟ ಲೈಟುಗಳಿರ್ತಾವೆ, ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ. ಯಾವುದು ಉರಿದು ಅಲ್ಲೇ ನಿಲ್ಲುತ್ತೋ ತೊಂದ್ರೆ ಆ ಭಾಗದಲ್ಲಿ. ಲೈಟ್ ಇಲ್ಲದ ಬೋರ್ಡಾದ್ರೆ ಸ್ಪೀಕರ್ ಪಿನ್ನುಗಳಿಗೆ ಒಂದು ಚಿಕ್ಕ ಬೀಪ್ ಸ್ಪೀಕರ್ ಹಾಕಿ, ತುಂಬಾ ಅಗ್ಗ. ಉದ್ದ ಬೀಪ್ ಮತ್ತೆ ಮತ್ತೆ ಬಂದ್ರೆ ಬಹುತೇಕ ರ‍್ಯಾಮು, ಒಂದು ಉದ್ದ ಎರಡು ಚಿಕ್ಕದು ಬಂದ್ರೆ ಬಹುತೇಕ ಡಿಸ್ಪ್ಲೇ ಕಾರ್ಡು, ಆದ್ರೆ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತೆ, ಮ್ಯಾನುಯಲ್ ನೋಡಿ.

ಇಷ್ಟಕ್ಕೂ ಆಗ್ಲಿಲ್ಲ ಅಂದ್ರೆ ಬಯಾಸ್ (ಆನ್ ಆದ ಕೂಡ್ಲೇ ಮೊದಲು ಓಡೋ ಬೋರ್ಡಿನ ಪ್ರೋಗ್ರಾಮ್) ಸೆಟ್ಟಿಂಗ್ ಅಳಿಸಿ. ಪ್ಲಗ್ ಕಿತ್ತು, ಬೋರ್ಡ್ ಮೇಲಿರೋ ನಾಣ್ಯದಂಥ ಸಿಆರ್2032 ಸೆಲ್ಲನ್ನ ತೆಗೆದು ಹತ್ತು ನಿಮಿಷ ಬಿಟ್ಟು ವಾಪಸ್ ಹಾಕಿ. ಅದು 3 ವೋಲ್ಟಿನ ಸೆಲ್ಲು, ಮೀಟರಲ್ಲಿ 2.7ಕ್ಕಿಂತ ಕಮ್ಮಿ ತೋರಿಸಿದ್ರೆ ಹೊಸದೇ ಹಾಕಿ, ವಾಚ್ ಅಂಗಡೀಲೂ ಸಿಗುತ್ತೆ. ಒಂದು ಎಚ್ಚರಿಕೆ, ವಿಂಡೋಸಲ್ಲಿ ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಆನ್ ಇದ್ರೆ ಬಯಾಸ್ ರೀಸೆಟ್ ಆದ್ಮೇಲೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಬೇರೆ ಫೋನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ ಆ ಕೀ ಇದೆಯಾ ಅಂತ ಮುಂಚೇನೇ ನೋಡಿ ಬರ್ಕೊಳಿ, ಕೀ ಇಲ್ಲ ಅಂದ್ರೆ ಡಿಸ್ಕಲ್ಲಿರೋದು ಸಿಗಲ್ಲ.

ಆನ್ ಆಗಿ ಆಫ್ ಆಗೋದು

ಕೆಲವೇ ಸೆಕೆಂಡಲ್ಲಿ ಆಫ್ ಆದ್ರೆ ಪವರ್ ಬಟನ್ ಒಳಗೇ ಸಿಕ್ಕಾಕ್ಕೊಂಡಿದೆಯಾ ನೋಡಿ, ಬಟನ್ನನ್ನ 4-5 ಸೆಕೆಂಡ್ ಒತ್ತಿ ಹಿಡಿದ್ರೆ ಕಂಪ್ಯೂಟರ್ ಆಫ್ ಆಗುತ್ತಲ್ಲ, ಸಿಕ್ಕಾಕ್ಕೊಂಡಿರೋ ಬಟನ್ನೂ ಅದೇ ಕೆಲಸ ಮಾಡುತ್ತೆ. ಕೆಲವು ನಿಮಿಷ ಓಡಿ ಆಫ್ ಆದ್ರೆ ಬಿಸಿ ಕಾರಣ ಇರಬಹುದು, ಪ್ರೊಸೆಸರು 100 ಡಿಗ್ರಿ ಹತ್ರ ಹೋದ್ರೆ ಮೊದಲು ನಿಧಾನ ಆಗುತ್ತೆ, ಆಮೇಲೂ ತಣ್ಣಗಾಗ್ಲಿಲ್ಲ ಅಂದ್ರೆ ತನ್ನ ರಕ್ಷಣೆಗೆ ಆಫ್ ಆಗುತ್ತೆ. ಇಂಟೆಲ್ ಪ್ರೊಸೆಸರ್ ಜೊತೆ ಬರೋ, ಅದನ್ನ ತಣ್ಣಗಿಡೋ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಕಾಲು ಇರ್ತಾವೆ, ಅದರಲ್ಲಿ ಒಂದು ಬಿಟ್ಕೊಂಡ್ರೂ ಸಾಕು. ಕೂಲರ್ ತೆಗೆದ್ರೆ ಪ್ರೊಸೆಸರ್ ಮೇಲಿರೋ ಹಳೇ ಥರ್ಮಲ್ ಪೇಸ್ಟ್ ಒರೆಸಿ, ಬಟಾಣಿ ಗಾತ್ರ ಹೊಸ ಪೇಸ್ಟ್ ಹಾಕಿ. ಎಎಂಡಿಯ ಎಎಂ4 ಸಾಕೆಟ್ಟಾದ್ರೆ (ಪ್ರೊಸೆಸರ್ ಕೂರೋ ಜಾಗ) ಕೂಲರನ್ನ ನೇರ ಎಳೀಬೇಡಿ, ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ ಬಿಡಿಸಿ, ಇಲ್ದಿದ್ರೆ ಪ್ರೊಸೆಸರೂ ಜೊತೇಲೇ ಕಿತ್ತು ಬಂದು ಪಿನ್ನುಗಳು ಬಾಗ್ತಾವೆ. ಗೇಮ್ ಶುರುವಾದ ಕೂಡ್ಲೇ ಆಫ್ ಆದ್ರೆ ಎಸ್‌ಎಂಪಿಎಸ್ ಲೋಡ್ ತಡೀತಿಲ್ಲ ಅಂತ ಇಟ್ಕೊಳಿ.

ಎಸ್‌ಎಂಪಿಎಸ್ ತರೋದಾದ್ರೆ

ಬೆಂಗಳೂರಿನ ಎಸ್‌ಪಿ ರೋಡಲ್ಲಾಗ್ಲಿ ನಿಮ್ಮೂರಿನ ಅಂಗಡೀಲಾಗ್ಲಿ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿರೋ ಹಗುರವಾದ ಡಬ್ಬಾಗಳು ಸಿಗ್ತಾವೆ, ಅದರ ಪಕ್ಕದ ಸ್ಟಿಕ್ಕರಲ್ಲಿ 12 ವೋಲ್ಟಿನ ಸಾಲಲ್ಲಿ ಎಷ್ಟು ಆಂಪಿಯರ್ ಅಂತ ಓದಿ. 12 ವೋಲ್ಟಿಗೆ 16 ಆಂಪಿಯರ್ ಅಂದ್ರೆ 192 ವ್ಯಾಟ್ ಅಷ್ಟೇ, ಈಗಿನ ಕಂಪ್ಯೂಟರ್ ಹೆಚ್ಚಿನ ಕರೆಂಟ್ ತಗೊಳೋದೇ 12ರಿಂದ. 80 ಪ್ಲಸ್ ಸರ್ಟಿಫಿಕೇಟ್ (ಕರೆಂಟ್ ಪೋಲು ಕಮ್ಮಿ ಅನ್ನೋದರ ಗುರುತು) ಇರೋದು, ವಾರಂಟಿ ಇರೋದು ತಗೊಳಿ, ಇಲ್ಲಿ ಉಳಿಸಿದ ಸಾವಿರ ರೂಪಾಯಿ ಬೋರ್ಡು ಡಿಸ್ಕು ಎರಡನ್ನೂ ತಿನ್ನುತ್ತೆ. ಕೇಬಲ್ ಕಿತ್ತು ಹಾಕೋ ಮಾಡ್ಯುಲರ್ ಎಸ್‌ಎಂಪಿಎಸ್ ಆದ್ರೆ ಹಳೇದರ ಕೇಬಲ್ಲನ್ನ ಹೊಸದಕ್ಕೆ ಯಾವತ್ತೂ ಹಾಕ್ಬೇಡಿ, ನೋಡೋಕೆ ಒಂದೇ ತರ ಇದ್ರೂ ಎಸ್‌ಎಂಪಿಎಸ್ ಕಡೆ ವೈರುಗಳ ಕ್ರಮ ಬೇರೆ ಇರುತ್ತೆ, ಹಾರ್ಡ್ ಡಿಸ್ಕಿಗೆ 5 ಹೋಗೋ ಕಡೆ 12 ಹೋಗಿ ಸುಟ್ಟೇಹೋಗುತ್ತೆ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಲ್ಲಿ ಪ್ಲಗ್ ಜೊತೆ ಲ್ಯಾನ್ ಕೇಬಲ್ಲೂ ಕಿತ್ತಿಡಿ, ಸಿಡಿಲು ಆ ದಾರೀಲೂ ಬರುತ್ತೆ.

ಕೊನೆಗೂ ಅಂಗಡಿಗೇ ಹೋಗಬೇಕಾದ್ರೆ

ಮೊದಲು ಡಿಸ್ಕ್ ಬಿಚ್ಚಿ ಮನೇಲಿಟ್ಕೊಳಿ. ಕಂಪ್ಯೂಟರ್ ಆನ್ ಆಗ್ತಿಲ್ಲ ಅಂದ್ರೆ ನಿಮ್ಮ ಫೋಟೋ, ಟ್ಯಾಲಿ ಲೆಕ್ಕ, ಮಕ್ಕಳ ಪ್ರಾಜೆಕ್ಟು ಹೋಯ್ತು ಅಂತಲ್ಲ, ಡಿಸ್ಕ್ ಬೇರೇನೇ, ಅದು ಸಾಮಾನ್ಯವಾಗಿ ಚೆನ್ನಾಗೇ ಇರುತ್ತೆ. ಸಾಟಾದಿಂದ (ಡಿಸ್ಕಿನ ಕನೆಕ್ಟರ್) ಯುಎಸ್‌ಬಿಗೆ ಬದಲಾಯಿಸೋ ಅಡಾಪ್ಟರ್ ತಗೊಂಡು ಲ್ಯಾಪ್‌ಟಾಪಿಗೆ ಹಾಕಿ ಎಲ್ಲಾ ಕಾಪಿ ಮಾಡ್ಕೊಳಿ, ದೊಡ್ಡ 3.5 ಇಂಚಿನ ಡಿಸ್ಕಾದ್ರೆ 12 ವೋಲ್ಟಿನ ಬೇರೆ ಪವರ್ ಅಡಾಪ್ಟರ್ ಇರೋದೇ ಬೇಕು, ಬರೀ ಯುಎಸ್‌ಬಿ ಪವರಲ್ಲಿ ಅದು ತಿರುಗಲ್ಲ.

ಅಂಗಡೀಲಿ ‘ಆನ್ ಆಗ್ತಿಲ್ಲ ನೋಡಿ’ ಅಂತಷ್ಟೇ ಹೇಳಿ ಬರಬೇಡಿ. ನೇರಳೆ ವೈರಲ್ಲಿ 5 ವೋಲ್ಟ್ ಬರ್ತಿದೆ, ಹಸಿರು ಇಳೀತಿಲ್ಲ, ಪಿನ್ ಮುಟ್ಟಿಸಿ ನೋಡಿದೀನಿ, ಒಂದೇ ರ‍್ಯಾಮಲ್ಲೂ ಅದೇ ಅಂತ ಚೀಟೀಲಿ ಬರೆದು ಕೊಡಿ, ರ‍್ಯಾಮು ಪ್ರೊಸೆಸರುಗಳ ಮಾಡೆಲ್ ನಂಬರನ್ನ ಫೋನಲ್ಲಿ ಫೋಟೋ ತೆಗೆದಿಟ್ಕೊಳಿ, ಯಾವ ಪಾರ್ಟ್ ಬದಲಾಯಿಸಿದ್ರೂ ಹಳೇದನ್ನ ವಾಪಸ್ ಕೊಡ್ಬೇಕು ಅಂತ ಮೊದಲೇ ಹೇಳಿ.